ನುಚ್ಚಿನ ಖೋಲಿ

ನಮ್ಮ ಮನೆಯಲ್ಲಿ ದೇವರಿಗೆ ಊದಿನಕಡ್ಡಿ ಹಚ್ಚುತ್ತಿರಲಿಲ್ಲ. ಅಮಾವಾಸ್ಯೆಗೆ ಲೋಬಾನದ ಹೊಗೆ ಇಲ್ಲ, ಸಂಜೆಗೆ ಸೊಳ್ಳೆಬತ್ತಿ ಇಲ್ಲ. ಮೆಣಸಿನಕಾಯಿ ಹುರಿಯುವುದು, ಶೇಂಗಾ ಹುರಿಯುವುದು ಎಲ್ಲ ಹಿತ್ತಲಿನ ಒಲೆಯ ಮೇಲೆ. ಅದೂ ಗಾಳಿ ಮನೆಯ ಕಡೆಗೆ ಬೀಸದಿದ್ದಾಗ ಮಾತ್ರ. ಬೀಡಿ ಸೇದುವ ನೆಂಟರು ಕಟ್ಟೆಯ ಮೇಲೆಯೇ ಕೂರಬೇಕು, ಅವರು ಎಷ್ಟು ದೊಡ್ಡವರಾದರೂ ಸರಿ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಇಂಥ ನಿಯಮಗಳಿದ್ದ ಮನೆ ನಮ್ಮದೊಂದೇ. ಎಡಬಲದ ಮನೆಗಳಿಂದ ಹಗಲೆಲ್ಲ ಮಗ್ಗದ ಸದ್ದು ಬರುತ್ತಿತ್ತು, ದೀಪ ಹಚ್ಚುವ ಹೊತ್ತಿಗೆ ಊದಿನಕಡ್ಡಿಯ ವಾಸನೆ ಬರುತ್ತಿತ್ತು. ನಮ್ಮ ಮನೆಯಿಂದ ಎರಡೂ ಹೊರಡುತ್ತಿರಲಿಲ್ಲ. ಓಣಿಯವರು ನಮ್ಮದನ್ನು ‘ಹುಳದವರ ಮನಿ’ ಎನ್ನುತ್ತಿದ್ದರು. ನಾನು ಕೊಡ ಹಿಡಿದು ನಳದ ಕಡೆಗೆ ಹೊರಟರೆ ಎದುರುಮನೆಯ ಶಾಂತವ್ವ ಮಗ್ಗದ ನೂಲಿನ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಕೂಗುತ್ತಿದ್ದಳು.

“ಏನಬೇ, ಇವತ್ತ ಎಷ್ಟ ಹುಳಾ ಹಡದಾವ ನಿಮ್ಮ ಮನ್ಯಾಗ? ಬಾಣಂತನಾ ಯಾರ ಮಾಡ್ತಾರ, ನಿಮ್ಮಪ್ಪನೋ ನಿಮ್ಮ ಆಯಿನೋ?”

ಮನೆ ದೊಡ್ಡದಲ್ಲ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರ ಗೋಡೆಯಲ್ಲಿ ದೇವರ ಮಾಡ, ಆಚೆ ಅಡುಗೆಮನೆ, ಕೊನೆಗೆ ಹಿತ್ತಲು. ಪಡಸಾಲೆಯ ಎಡಕ್ಕೆ ಅಜ್ಜನ ಮಗ್ಗದ ಖೋಲಿ. ನಡುವಿನ ಗೋಡೆ ಮಾಳಿಗೆಯ ಜಂತಿಯವರೆಗೆ ಹೋಗುತ್ತಿರಲಿಲ್ಲ. ಮೇಲೆ ಒಂದು ಮೊಳದಷ್ಟು ಸಂದಿ ಇತ್ತು. ಅಜ್ಜ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ; ಅಪ್ಪನ ತಾಯಿ ಆಯಿ ನಮ್ಮ ಜೊತೆಗಿದ್ದಳು. ಅಪ್ಪ ನೇಯಲಿಲ್ಲ, ಓದಿ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದ. ಮಗ್ಗದ ಕಟ್ಟಿಗೆ ಯಾರದೋ ಮನೆ ಸೇರಿತು. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ಮಾತ್ರ ನೆಲದಲ್ಲಿ ಉಳಿಯಿತು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಆ ಖೋಲಿಯ ಗೋಡೆಗುಂಟ ಅಗಲವಾದ ಬೋಗುಣಿಗಳ ಸಾಲು, ಒಂದೊಂದರಲ್ಲೂ ಬಿಸಿಮಾಡಿ ಆರಿಸಿದ ಜೋಳದ ನುಚ್ಚು, ಅದರ ಮೇಲೆ ಬಿಗಿದು ಕಟ್ಟಿದ ಬಿಳಿ ಅರಿವೆ. ಅದಕ್ಕೇ ಅದು ನುಚ್ಚಿನ ಖೋಲಿ. ನುಚ್ಚಿನಲ್ಲಿ ಬೆಳೆಯುತ್ತಿದ್ದದ್ದು ಅಕ್ಕಿ ಪತಂಗದ ಮರಿಹುಳುಗಳು. ಹಳೆಯ ಅಕ್ಕಿಯ ಡಬ್ಬಿಯಲ್ಲಿ ಕಾಳಿಗೆ ಕಾಳು ನೂಲಿನಿಂದ ಹೆಣೆದುಕೊಂಡು ಕೂರುತ್ತವಲ್ಲ, ಅವೇ. ಊರಿನ ಹೆಂಗಸರೆಲ್ಲ ಮೊರದಲ್ಲಿ ಹಿಡಿದು ಕೇರಿ ಒಗೆಯುವ ಹುಳವನ್ನು ನಮ್ಮವ್ವ ನುಚ್ಚು ಹಾಕಿ ಸಾಕುತ್ತಿದ್ದಳು.

ಇದನ್ನು ಅನುಕ್ರಮವಾಗಿ ಹೇಳಿದರೆ ತಿಳಿಯುತ್ತದೆ. ಮರಿಹುಳು ಬೂದಿಬಣ್ಣದ ಪತಂಗವಾಗುತ್ತದೆ. ಪತಂಗ ತತ್ತಿ ಇಡುತ್ತದೆ. ಆ ತತ್ತಿಗಳನ್ನು ಅಂಟು ಸವರಿದ ಕಾರ್ಡಿನ ಮೇಲೆ ಉದುರಿಸಿ, ಕಾರ್ಡನ್ನು ಒಂದು ಗಾಜಿನ ಭರಣಿಯೊಳಗೆ ಇಡಬೇಕು. ಭರಣಿಯಲ್ಲಿ ಕಣಜದ ಹುಳುಗಳಿರುತ್ತವೆ. ಕಣಜ ಅಂದಕೂಡಲೇ ಜಂತಿಗೆ ಗೂಡು ಕಟ್ಟಿ ಕಚ್ಚುವುದನ್ನು ನೆನೆಯಬಾರದು. ಇವು ಗಸಗಸೆ ಕಾಳಿಗಿಂತ ಸಣ್ಣವು, ಮನುಷ್ಯನನ್ನು ಅರಿಯವು. ಪತಂಗದ ತತ್ತಿಯನ್ನು ಹುಡುಕಿ ಅದರೊಳಗೆ ತಮ್ಮ ತತ್ತಿಯನ್ನು ಚುಚ್ಚಿ ಇಡುವುದೊಂದೇ ಅವುಗಳ ಜನ್ಮದ ಕೆಲಸ. ಒಳಗಿನ ಮರಿ ಹೊರಗಿನ ತತ್ತಿಯನ್ನೇ ತಿಂದು ಬೆಳೆಯುತ್ತದೆ. ತತ್ತಿ ಕಪ್ಪಾದರೆ ಕೆಲಸ ಆಯಿತೆಂದು ಅರ್ಥ. ಆ ಕಪ್ಪು ಕಾರ್ಡನ್ನು ಭತ್ತದ ಎಲೆಯ ಕೆಳಗೆ ಚುಚ್ಚಿ ಬಂದರೆ ಕಣಜಗಳು ಹೊರಬಿದ್ದು, ಕಾಂಡ ಕೊರೆಯುವ ಹುಳದ ತತ್ತಿಗಳನ್ನು ಹುಡುಕಿಕೊಂಡು ಹೋಗುತ್ತವೆ. ಕೊರಕ ಹುಟ್ಟುವುದೇ ಇಲ್ಲ. ಗದ್ದೆಗೆ ವಿಷ ಬೇಕಾಗುವುದಿಲ್ಲ.

ವಿಷ ಬೇಡವೆಂದು ಹಟ ಹಿಡಿದವಳು ಅವ್ವ. ಅವಳ ತವರು ಹುನಗುಂದದ ಆಚೆ, ಮಲಪ್ರಭಾ ಹೊಳೆಯ ದಂಡೆಯ ಊರು. ಸುತ್ತಲಿನವರೆಲ್ಲ ಜೋಳ, ಕಡಲೆ ಬೆಳೆಯುತ್ತಿದ್ದರೆ ಸೋದರಮಾವ ಹೊಳೆಗೆ ಪಂಪ್‌ಸೆಟ್ ಕೂರಿಸಿ ಒಂದೇ ಒಂದು ಗದ್ದೆಗೆ ಭತ್ತ ಹಾಕುತ್ತಿದ್ದ. ಒಂದು ವರ್ಷ ಕೊರಕ ಹೆಚ್ಚಾಯಿತೆಂದು ಬೆನ್ನಿಗೆ ಪಂಪು ಕಟ್ಟಿಕೊಂಡು ವಿಷದ ಎಣ್ಣೆ ಹೊಡೆದ. ಗಾಳಿ ಎದುರಿನಿಂದ ಬೀಸುತ್ತಿತ್ತು. ಬಾಯಿಗೆ ಒಂದು ಟವೆಲ್ಲು ಸುತ್ತಿಕೊಂಡಿದ್ದ, ಕಾಲು ಬರಿಗಾಲು. ಹೊತ್ತು ಇಳಿಯುವ ಮುಂಚೆ ಬಾಯಲ್ಲಿ ಜೊಲ್ಲು ಹರಿಯತೊಡಗಿ ಬದುವಿನ ಮೇಲೆ ಬಿದ್ದ. ಟ್ರ್ಯಾಕ್ಟರಿನಲ್ಲಿ ಮಲಗಿಸಿ ಬಾಗಲಕೋಟೆಯ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ಉಸಿರು ನಿಂತಿತು. ಅವ್ವ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಮೈಲಿಗೆ ಕಳೆದು ಇಳಕಲ್ಲಿಗೆ ಮರಳಿದ ದಿನ, ಅಪ್ಪ ಊಟಕ್ಕೆ ಕೂತಾಗ ಅವಳು ಕೇಳಿದ್ದು ನನಗೆ ನೆನಪಿದೆ.

“ನೀವು ಸಾಲ್ಯಾಗ ಹುಡುಗರಿಗೆ ಹುಳದ ಪಾಠ ಹೇಳ್ತೀರಲ್ರಿ, ಹುಳಾ ಕೊಲ್ಲಾಕ ವಿಷಾ ಬಿಟ್ರ ಬ್ಯಾರೆ ಏನೂ ಇಲ್ಲೇನು?”

“ಐತಿ. ಹುಳಕ್ಕ ಹುಳಾನ ಮದ್ದು. ಆದ್ರ ಮನ್ಯಾಗ ಸಾಕಬೇಕು. ಒಂದಿನ ತಪ್ಪಂಗಿಲ್ಲ.”

“ಎಮ್ಮಿ ಹಿಂಡೂದು ಒಂದಿನ ತಪ್ಪತೈತೇನ್ರಿ? ಹಂಗ ಅಂದ್ಕೋತೇನಿ. ಕಲ್ತ ಬರ್ರಿ.”

ಅಪ್ಪ ಬೇಸಿಗೆ ರಜೆಯಲ್ಲಿ ಧಾರವಾಡದ ಕೃಷಿ ಕಾಲೇಜಿಗೆ ಹೋಗಿ ಕಲಿತು ಬಂದ. ಊಟದ ಡಬ್ಬಿಯಲ್ಲಿ, ಹಸಿ ಅರಿವೆಯ ನಡುವೆ, ಮೊದಲ ಕಾರ್ಡು ಬಂತು.

ಅಲ್ಲಿಂದ ಮುಂದೆ ಮನೆಯ ಗಡಿಯಾರ ಪತಂಗದ ಕೈಗೆ ಹೋಯಿತು. ಬೆಳಕು ಹರಿಯುವಾಗ ಪತಂಗಗಳು ಮಂಕಾಗಿ ಅರಿವೆಗೆ ಅಂಟಿಕೊಂಡಿರುತ್ತವೆ, ಆಗಲೇ ಹಿಡಿಯಬೇಕು. ಅವ್ವ ಒಂದೊಂದರ ಮೇಲೂ ಗಾಜಿನ ನಳಿಗೆ ಬೋರಲು ಹಾಕಿ, ಹೆಬ್ಬೆರಳಿನಿಂದ ಬಾಯಿ ಮುಚ್ಚಿ, ಜಾಳಿಗೆ ತಳದ ಡಬ್ಬಿಗೆ ಬಿಡುತ್ತಿದ್ದಳು. ಅವಳ ಕೈಯಲ್ಲಿ ಪತಂಗ ಸಾಯುತ್ತಿರಲಿಲ್ಲ. ಹೂವಿನ ಎಸಳನ್ನು ಎತ್ತಿಡುವವಳಂತೆ ಎತ್ತುತ್ತಿದ್ದಳು. ಡಬ್ಬಿಯ ತಳದಿಂದ ಉದುರಿದ ತತ್ತಿಗಳನ್ನು ಸೋಸುವುದು ನನ್ನ ಪಾಲು. ತತ್ತಿಯ ಜೊತೆ ಮುರಿದ ಕಾಲು, ರೆಕ್ಕೆಯ ಪುಡಿ ಬರುತ್ತಿತ್ತು. ಸಣ್ಣ ಜರಡಿಯಲ್ಲಿ ಆಡಿಸಿ ಬಾಯಿಂದ ಮೆಲ್ಲಗೆ ಊದಿ ಬೇರೆ ಮಾಡಬೇಕು. ಆಮೇಲೆ ರಂಗೋಲಿಯ ಹಿಟ್ಟಿನಂತೆ ಕಾರ್ಡಿನ ಮೇಲೆ ಉದುರಿಸಬೇಕು, ಒಂದರ ಮೇಲೊಂದು ಬೀಳಬಾರದು. ಅಪ್ಪ ಭೂತಗನ್ನಡಿ ಹಿಡಿದು ನೋಡಿ ‘ಹೂಂ’ ಎಂದರೆ ನನಗೆ ರೊಟ್ಟಿ. ಮುಖ ಸಿಂಡರಿಸಿದರೆ ಇನ್ನೊಂದು ಕಾರ್ಡು, ಆಮೇಲೆ ರೊಟ್ಟಿ. ಮನೆಗೆ ಬಂದ ಜೇನುತುಪ್ಪ ಮೊದಲು ಭರಣಿಯ ಕಣಜಗಳಿಗೆ, ಉಳಿದರೆ ಆಯಿಯ ಔಷಧಕ್ಕೆ. ನನ್ನವರೆಗೆ ಬಂದದ್ದು ಕಾಣೆ. ತಯಾರಾದ ಕಾರ್ಡುಗಳನ್ನು ಅಜ್ಜನ ಕುಣಿಯಲ್ಲಿ, ಹಸಿ ಉಸುಕು ತುಂಬಿದ ಹರವಿಯ ಮೇಲೆ ತಂಪಿಗೆ ಇಡುತ್ತಿದ್ದೆವು. ಪಂಚಮಿಗೆ ಓಣಿಯ ಹುಡುಗಿಯರು ಜೋಕಾಲಿ ಜೀಕುವಾಗಲೂ ನಾನು ಜರಡಿ ಹಿಡಿದೇ ಇದ್ದೆ. ಮುಂದೆ ವಸತಿಶಾಲೆಯೊಂದರಲ್ಲಿ ವಾರ್ಡನ್ ಆಗಿ ದುಡಿದ ನನ್ನನ್ನು ಹುಡುಗಿಯರು ಹಿಂದಿನಿಂದ ‘ಗಂಟೆ ಬಾಯಾರು’ ಎನ್ನುತ್ತಿದ್ದರು. ಆ ಗಂಟೆಯನ್ನು ನನ್ನ ಕೊರಳಿಗೆ ಕಟ್ಟಿದ್ದು ಯಾವ ಶಾಲೆಯೂ ಅಲ್ಲ, ಆ ಖೋಲಿ. ಈಗ ಚಾಳೀಸು ಏರಿಸಿಕೊಂಡು ಇದನ್ನು ಬರೆಯುವಾಗಲೂ ಬೆಳಗಿನ ಆ ಹೊತ್ತಿಗೆ ಎಚ್ಚರವಾಗಿಯೇ ಆಗುತ್ತದೆ.

ಇದೆಲ್ಲದರ ಮೇಲೆ ಆಯಿಗೆ ಸಿಟ್ಟು. ದೇವರಿಗೆ ಊದಿನಕಡ್ಡಿ ಬೇಡವೆಂದ ಮಗನನ್ನು ಅವಳು ಕ್ಷಮಿಸಿರಲಿಲ್ಲ.

“ಹೊಗಿ ಕಾಣದ ದೇವರು, ಗುಮ್ಮನಂಗ ಕುಂತಾನ ಮಾಡದಾಗ. ನಿಮ್ಮಜ್ಜ ಇದ್ದಿದ್ರ ಮಗ್ಗದ ಲಾಳಿ ತಗೊಂಡ ಬಾರಿಸ್ತಿದ್ದ ನಿಮ್ಮಪ್ಪಗ.”

“ಹುಳಾ ಸಾಯ್ತಾವ ಆಯಿ.”

“ಸಾಯ್ಲಿ. ನಿಮ್ಮ ದೇವರಿಗಿಂತ ಹುಳದ ಮಡಿ ಹೆಚ್ಚಾತು.”

ಕಪ್ಪು ಕಾರ್ಡು ತಯಾರಾದಾಗ ಅವ್ವ ಮತ್ತು ನಾನು ಹುನಗುಂದದಲ್ಲಿ ಬಸ್ಸು ಬದಲಿಸಿ ಹೊಳೆದಂಡೆಯ ಊರಿಗೆ ಹೋಗುತ್ತಿದ್ದೆವು. ಸೋದರಮಾವನ ನಂತರ ಅವನ ಮಗ ಸಂಗಪ್ಪ ಗದ್ದೆ ನೋಡಿಕೊಳ್ಳುತ್ತಿದ್ದ. ಆಗಷ್ಟೇ ಮೀಸೆ ಬಂದಿತ್ತು. ಕಾಲೇಜು ಬಿಟ್ಟು ಬಂದಿದ್ದ. ಅವನ ಅವ್ವ, ಅಂದರೆ ನನ್ನ ಅತ್ತಿ, ಗಂಡನ ಪಂಪನ್ನು ಎಸೆದಿರಲಿಲ್ಲ. ದನದ ಕೊಟ್ಟಿಗೆಯ ತೊಲೆಗೆ ನೇತುಹಾಕಿದ್ದಳು. ಹೊತ್ತು ತಂಪಾದ ಮೇಲೆ ನಾವು ಕೆಸರಿಗಿಳಿದು ಎಲೆಯ ಕೆಳಗೆ ಕಾರ್ಡು ಚುಚ್ಚುತ್ತ ಹೋದರೆ ಸಂಗಪ್ಪ ಬದುವಿನ ಮೇಲೆ ನಿಂತು ನಗುತ್ತಿದ್ದ.

“ಅತ್ತೀ, ನಿನ್ನ ದಂಡು ಎಲ್ಲಿ ಐತಿ? ನನಗ ಒಬ್ಬ ಸಿಪಾಯಿನೂ ಕಾಣವಲ್ಲ.”

“ಕಾಣಾಕ ಬಂದಿಲ್ಲಪಾ ಅವು, ಕೆಲಸಕ್ಕ ಬಂದಾವ.”

“ನೋಡ್ತೇನಿ. ನಿನ್ನ ಸಲುವಾಗಿ ಸುಮ್ಮನದೇನಿ. ಕಾರ್ಡ ಒಂದ ಹಂಗಾಮ ತಪ್ಪಿದ್ರ ನಮ್ಮಪ್ಪನ ಪಂಪ ಇಳಿಸ್ತೇನಿ, ಈಗ ಹೇಳಿರ್ತೇನಿ.”

ಅವನು ನಗುತ್ತ ಹೇಳಿದ್ದ. ಅವ್ವ ನಗಲಿಲ್ಲ. ಅಂದಿನಿಂದ ಅವಳ ಲೆಕ್ಕದಲ್ಲಿ ಕಾರ್ಡು ತಪ್ಪುವುದೂ ಒಂದೇ, ಸಂಗಪ್ಪನ ಬೆನ್ನಿಗೆ ಆ ಪಂಪು ಏರುವುದೂ ಒಂದೇ. ಹಂಗಾಮಿನ ಮೇಲೆ ಹಂಗಾಮು ಗದ್ದೆ ಚೆನ್ನಾಗಿಯೇ ಬಂತು. ಕೊರಕ ಹೊಕ್ಕ ಗದ್ದೆಯಲ್ಲಿ ಕಾಳಿಲ್ಲದ ಬಿಳಿ ತೆನೆಗಳು ನೆಟ್ಟಗೆ ನಿಲ್ಲುತ್ತವೆ. ನಮ್ಮಲ್ಲಿ ಅಂಥವು ಅಲ್ಲೊಂದು ಇಲ್ಲೊಂದು, ಅಷ್ಟೇ.

ಕೆಮ್ಮು ಯಾವಾಗ ಶುರುವಾಯಿತೋ ಹೇಳಲಾರೆ. ಮೊದಲು ಬೆಳಗಿನ ಕೆಮ್ಮಾಗಿತ್ತು, ನೆಗಡಿ ಎಂದಳು. ಆಮೇಲೆ ರೊಟ್ಟಿ ತಟ್ಟುವಾಗ ನಡುವೆ ನಿಲ್ಲಿಸಿ, ಗೋಡೆಗೆ ಕೈಯೂರಿ, ಉಸಿರು ಕೂಡಿಸಿಕೊಂಡು ಮತ್ತೆ ತಟ್ಟತೊಡಗಿದಳು. ಅವಳು ಪಡಸಾಲೆಯಲ್ಲಿ ಮಲಗಿದ್ದರೆ ಎದೆಯ ಸೀಟಿ ಅಡುಗೆಮನೆಗೆ ಕೇಳುತ್ತಿತ್ತು. ಆಯಿ ತುಳಸಿಗೇರಿಯ ಹನುಮಪ್ಪನಿಗೆ ಹರಕೆ ಹೊತ್ತು ಶನಿವಾರ ಹೋಗಿ ಬಂದಳು. ಕಡೆಗೆ ಅಪ್ಪ ಅವಳನ್ನು ಬಾಗಲಕೋಟೆಗೆ ಕರೆದೊಯ್ದ, ನಾನೂ ಹೋದೆ. ಹಳೆಯ ಊರಿನ ಅರ್ಧ ಅಣೆಕಟ್ಟಿನ ಹಿನ್ನೀರಿಗೆ ಜಾಗ ಬಿಡುತ್ತಿದ್ದ ಕಾಲ. ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರಿ ಜನ ನವನಗರದ ಕಡೆಗೆ ಹೊರಟಿದ್ದರು. ಮಾಳಿಗೆ ಇಲ್ಲದ ಗೋಡೆಗಳ ನಡುವೆ ನಾವು ದವಾಖಾನೆ ಹುಡುಕಿಕೊಂಡು ನಡೆದೆವು. ಡಾಕ್ಟರು ವಯಸ್ಸಾದವರು. ಎದೆಯ ಮೇಲೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು.

“ಏನ್ ಕೆಲಸ ಮಾಡ್ತೀರವ್ವ? ಹತ್ತಿ ಜಿನ್ನಿಂಗ್ ಗಿರಣ್ಯಾಗ ದುಡೀತೀರೇನು?”

“ಇಲ್ರಿ. ಮನಿಗೆಲಸಾ.”

“ಪತಂಗ ಸಾಕ್ತಾಳ್ರಿ,” ಎಂದ ಅಪ್ಪ, ತಲೆ ತಗ್ಗಿಸಿ.

ಡಾಕ್ಟರು ಅವಳ ಸೀರೆಯ ಹೆಗಲನ್ನು ಬೆರಳಿನಿಂದ ಉಜ್ಜಿ ಬೆಳಕಿಗೆ ಹಿಡಿದರು. ಬೆರಳ ತುದಿಯಲ್ಲಿ ಬೂದಿಯಂಥ ಪುಡಿ ಮಿನುಗಿತು.

“ರೆಕ್ಕಿ ಪುಡಿ. ಇದು ಎದಿಯೊಳಗ ಹೋಗಿ ಕುಂತೈತಿ. ಔಷಧ ಬರದ ಕೊಡ್ತೇನ್ರಿ ಮಾಸ್ತರ. ಆದ್ರ ಇವರು ಆ ಖೋಲಿಗೆ ಇನ್ನೊಮ್ಮೆ ಕಾಲಿಟ್ರ ನನ್ನ ಔಷಧ ಕೆಲಸಾ ಮಾಡೂದಿಲ್ಲ.”

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆಗೇ ನೋಡುತ್ತಿದ್ದ.

“ವಿಷಾ ಇಲ್ಲದ ಕೆಲಸ ಅಂತ ಹಚ್ಚಿದ್ನಿ ನಿನಗ.”

“ಖರೇನ ಐತಲ್ರಿ, ವಿಷಾ ಎಲ್ಲೈತಿ? ಧೂಳೈತಿ. ನೇಕಾರರ ಮನಿ ಸೊಸಿ ಧೂಳಿಗೆ ಅಂಜಿದ್ರ ಹೆಂಗ?”

ಮರುದಿನದಿಂದ ಪತಂಗ ಹಿಡಿಯುವುದು ಅಪ್ಪನ ಮತ್ತು ನನ್ನ ಕೆಲಸವಾಯಿತು, ಮೂಗು ಬಾಯಿಗೆ ಅರಿವೆ ಕಟ್ಟಿಕೊಂಡು. ಅಪ್ಪನ ಬೆರಳು ದಪ್ಪ. ಅವನ ನಳಿಗೆಯಲ್ಲಿ ಪತಂಗಗಳು ರೆಕ್ಕೆ ಮುರಿದುಕೊಂಡು ಸಾಯುತ್ತಿದ್ದವು. ಅವ್ವ ಬಾಗಿಲ ಚೌಕಟ್ಟು ಹಿಡಿದು ನೋಡುವಳು, ತುಟಿ ಕಚ್ಚುವಳು, ತಡೆಯಲಾರದೆ ಒಳಗೆ ಬಂದು ನಳಿಗೆ ಕಸಿದುಕೊಳ್ಳುವಳು. ಅಪ್ಪ ಬೈದ, ಬೇಡಿಕೊಂಡ, ಖೋಲಿಗೆ ಕೀಲಿ ಹಾಕಿದ. ಅವನು ಶಾಲೆಗೆ ಹೋದ ಮೇಲೆ ಅವಳು ಕಲ್ಲಿನಿಂದ ಕೊಂಡಿ ಒಡೆದಳು. ಆಯಿ ಮಗನ ಮೇಲೆ ಹರಿಹಾಯ್ದಳು.

“ನಿನ್ನ ಅಳಿಯನ ಗದ್ದಿ ಕಾಯಾಕ ನನ್ನ ಸೊಸಿನ ಒಲಿಗೆ ಒಟ್ಟತೀಯೇನಲೇ? ತಗದ ಒಗಿ ಎಲ್ಲಾ ತಿಪ್ಪಿಗೆ!”

“ಆಕಿ ಒಗಸಿ ಕೊಡೂದಿಲ್ಲಬೇ. ಆಕಿನ್ನ ಕೇಳು.”

“ಆಯಿ,” ಎಂದಳು ಅವ್ವ, ಒಂದೊಂದು ಮಾತಿಗೂ ನಿಂತು, “ನಮ್ಮಣ್ಣನ ತಲಿ... ನನ್ನ ತೊಡಿ ಮ್ಯಾಲ ಇತ್ತು. ಇನ್ನೊಂದ ತಲಿ... ಇಟ್ಕೊಳ್ಳಾರೆ.”

ಸಂಗಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಹೇಳಬಾರದೆಂದು ಅವ್ವ ನಮ್ಮೆಲ್ಲರಿಂದ ಮಾತು ತೆಗೆದುಕೊಂಡಿದ್ದಳು. ಕಾರ್ಡು ಒಯ್ಯುವುದನ್ನು ಅಪ್ಪ ವಹಿಸಿಕೊಂಡ. ಅವ್ವ ಯಾಕೆ ಬರಲಿಲ್ಲವೆಂದು ಕೇಳಿದರೆ, ಮನೆಯಲ್ಲಿ ಕೆಲಸ ಎನ್ನುತ್ತಿದ್ದ.

ಅವು ತೆನೆ ಹೊರಡುವ ಮುಂಚೆ ಭತ್ತ ಹೊಡೆಗಟ್ಟುವ ದಿನಗಳು, ಕಾರ್ಡು ಎಲ್ಲಕ್ಕಿಂತ ಹೆಚ್ಚು ಬೇಕಾದ ದಿನಗಳು. ಶನಿವಾರ ಶಾಲೆ ಅರ್ಧ ದಿನ. ನಾನು ಓಣಿಯ ತಿರುವಿಗೆ ಬಂದಾಗ ನಮ್ಮ ಬಾಗಿಲಿನಿಂದ ಹೊಗೆ ಬರುತ್ತಿತ್ತು. ನಮ್ಮ ಮನೆಯಿಂದ ಹೊಗೆ! ಶಾಂತವ್ವ ಎದುರು ಓಡಿಬಂದಳು, ಮಗನನ್ನು ಆಟೋ ತರಲು ಕಳಿಸಿದ್ದೇನೆ ಎಂದಳು. ಒಳಗೆ ಅವ್ವ ಗೋಡೆಗೆ ಒರಗಿದ್ದಳು, ತುಟಿ ನೀಲಿಗಟ್ಟಿತ್ತು. ಮುಂಜಾನೆ ಅಪ್ಪ ಶಾಲೆಗೆ ಹೋದ ಮೇಲೆ ಅವಳು ಖೋಲಿಯಲ್ಲಿ ಪತಂಗ ಹಿಡಿಯುತ್ತಿರುವಾಗಲೇ ಉಸಿರು ಕಟ್ಟಿತ್ತು. ಆಯಿ ಅವಳನ್ನು ಪಡಸಾಲೆಗೆ ಎಳೆದು ತಂದು, ತನಗೆ ಗೊತ್ತಿದ್ದದ್ದನ್ನು ಮಾಡಿದ್ದಳು: ಕೆಂಡದ ಮೇಲೆ ಅರಿಷಿಣದ ಕೊಂಬು, ಅಜಿವಾನ, ಮುಷ್ಟಿ ತುಂಬ ಲೋಬಾನ ಹಾಕಿ, ಸೊಸೆಯ ತಲೆಗೆ ಕಂಬಳಿ ಮುಚ್ಚಿ ಹೊಗೆ ಕೊಟ್ಟಿದ್ದಳು. ಅವಳ ತಾಯಿ ಅವಳಿಗೆ ಹಾಗೇ ಮಾಡಿದ್ದಳು, ಅವಳು ಅಪ್ಪನಿಗೆ ಹಾಗೇ ಮಾಡಿದ್ದಳು. ಹೊಗೆ ಜಂತಿಗೇರಿ, ಗೋಡೆಯ ಮೇಲಿನ ಸಂದಿಯಿಂದ ನುಚ್ಚಿನ ಖೋಲಿಗೆ ಮೆಲ್ಲಗೆ ಇಳಿಯುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿ ಅವ್ವನ ಕೈ ಹಿಡಿದೆ.

ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟು ಅವಳನ್ನು ಉಳಿಸಿದರು. ಸಂಜೆ ಅಪ್ಪ ಮನೆಗೆ ಬಂದು ಖೋಲಿಯ ಭರಣಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ. ಕಣಜಗಳು ತಳದಲ್ಲಿ ಕರಿ ಮೆಣಸಿನ ಪುಡಿಯಂತೆ ಬಿದ್ದಿದ್ದವು. ಒಂದೂ ಅಲುಗಲಿಲ್ಲ, ಕುಣಿಯ ಕಾರ್ಡುಗಳೂ ಹೊಗೆಗೆ ಕೆಟ್ಟಿದ್ದವು. ಆಯಿ ದೇವರ ಮಾಡದ ಕೆಳಗೆ ಕೂತಿದ್ದಳು.

“ಆಕಿ ಉಸಿರ ನಿಂತಿತ್ತಲೇ. ನಾ ಏನ್ ಮಾಡ್ಲಿ? ನಿನ್ನ ಹುಳದ ಜೀವಾ ನೋಡ್ಕೋತ ಕೂಡ್ಲೇನು?”

“ಇಲ್ಲಬೇ. ನೀ ಸರಿ ಮಾಡಿದಿ,” ಎಂದ ಅಪ್ಪ.

ಆ ಹೊಗೆಯಿಂದಲೇ ಉಸಿರು ಇನ್ನಷ್ಟು ಕಟ್ಟಿತೆಂದು ಡಾಕ್ಟರು ಅವನಿಗೆ ಹೇಳಿದ್ದರು. ಅದನ್ನು ಅವನು ಆಯಿಗೆ ಅವಳು ಸಾಯುವವರೆಗೂ ಹೇಳಲಿಲ್ಲ. ನನಗೆ ಹೇಳಿದ್ದು ಅವಳು ಹೋದ ಮೇಲೆ.

ಅಪ್ಪ ಎಸ್‌ಟಿಡಿ ಬೂತಿನಿಂದ ಧಾರವಾಡಕ್ಕೆ ಫೋನು ಮಾಡಿದ. ಹೊಸ ಕಣಜ ಬರಲು ಎಂಟು ದಿನವಾದರೂ ಬೇಕು, ಬಂದ ಮೇಲೆ ಕಾರ್ಡು ಕಪ್ಪಾಗಲು ಇನ್ನೂ ದಿನ ಬೇಕು. ಅಷ್ಟರಲ್ಲಿ ಗದ್ದೆಯ ತತ್ತಿ ಒಡೆದು ಕೊರಕ ಕಾಂಡ ಹೊಕ್ಕಿರುತ್ತದೆ. ಅವ್ವ ಮನೆಗೆ ಬಂದು ಮಂಚದ ಮೇಲೆ ಕೂತವಳೇ ಕೇಳಿದಳು, “ಗದ್ದಿಗೆ ಕಾರ್ಡ ಹೋದ್ವೇನು?” ಸಂತೆಗೆ ಬಂದ ತವರೂರಿನವರೊಬ್ಬರು ಉತ್ತರ ಕೊಟ್ಟರು: ಗದ್ದೆಯ ತುಂಬ ಕೊರಕದ ಹಳದಿ ಪತಂಗ ಕೂತಿದೆ, ಸಂಗಪ್ಪ ಕೊಟ್ಟಿಗೆಯ ಪಂಪು ಇಳಿಸಿ ತೊಳೆಯುತ್ತಿದ್ದ, ಎಣ್ಣೆ ತರಲು ಹುನಗುಂದಕ್ಕೆ ಹೋಗಿದ್ದ. ಅಪ್ಪ ಶಾಲೆಯಲ್ಲಿದ್ದ. ಅವ್ವ ಎದ್ದು ಸೀರೆ ಉಟ್ಟಳು. ಆಯಿ ಬಾಗಿಲಿಗೆ ಅಡ್ಡ ನಿಂತಳು. ಆಮೇಲೆ, ಏನನ್ನಿಸಿತೋ, ಸರಿದು ನನ್ನ ಬೆನ್ನಿಗೆ ಕೈ ಹಾಕಿ ಮುಂದೆ ನೂಕಿದಳು.

“ಆಕಿ ಜೋಡಿ ಹೋಗು. ಎಲ್ಲಿ ನಿಂತ್ರೂ ಕುಂದ್ರಿಸು.”

ಬಸ್ಸು ಇಳಿದ ಮೇಲೆ ಗದ್ದೆಗೆ ದೂರವಿಲ್ಲ. ಅವ್ವ ನಿಲ್ಲುತ್ತ, ಕೂರುತ್ತ, ಏಳುತ್ತ ನಡೆದಳು. ಸಂಗಪ್ಪ ಪಂಪು ಬೆನ್ನಿಗೇರಿಸಿ, ಬಾಯಿಗೆ ಟವೆಲ್ಲು ಸುತ್ತಿ, ಕೆಸರಿಗೆ ಒಂದು ಕಾಲು ಇಟ್ಟಿದ್ದ. ಅತ್ತಿ ಬದುವಿನ ಮೇಲೆ ಸೆರಗು ಬಾಯಿಗಿಟ್ಟು ನಿಂತಿದ್ದಳು. ಅವ್ವ ಹೋಗಿ ಪಂಪಿನ ಪಟ್ಟಿ ಹಿಡಿದಳು. ಬಾಯಿ ತೆರೆದಳು. ಬಂದದ್ದು ಎದೆಯ ಸೀಟಿ ಮಾತ್ರ. ಸಂಗಪ್ಪ ಟವೆಲ್ಲು ಕೆಳಗೆಳೆದು ಅವಳನ್ನೇ ನೋಡಿದ, ಆಮೇಲೆ ನನ್ನನ್ನು.

“ಏನಾಗೇತಿ ಅತ್ತಿಗೆ?”

“ಪತಂಗದ ಪುಡಿ ಎದಿಯೊಳಗ ಕುಂತೈತಿ. ಡಾಕ್ಟರು ಖೋಲಿಗೆ ಹೋಗಬ್ಯಾಡ ಅಂದಾರ. ಅವ್ವ ಹೋಗ್ತಾಳ.”

“ಯಾಕ ಹೋಗ್ತಾಳ?”

“ನಿಮ್ಮ ಗದ್ದಿ ಸಲುವಾಗಿ.”

ಅವನು ಬದುವಿನ ಮೇಲೆ ಕುಳಿತ, ಪಂಪು ಬೆನ್ನ ಮೇಲಿದ್ದಂತೆಯೇ. ಅವ್ವನಿಗೆ ಅಷ್ಟರಲ್ಲಿ ಸ್ವಲ್ಪ ಉಸಿರು ಕೂಡಿತ್ತು.

“ಎಂಟ ದಿನಾ ತಡಿ ಸಂಗೂ. ಧಾರವಾಡದಿಂದ ಬರ್ತಾವ. ಮತ್ತ ಸುರು ಮಾಡ್ತೇನಿ.”

“ಮಾಡಿ?”

“ಮುಂದಿನ ಬೆಳಿಗೆ ಕೊಡ್ತೇನಿ.”

“ಆಮ್ಯಾಲ?”

“ಅದರ ಮುಂದಿನ ಬೆಳಿಗೆ.”

“ಅತ್ತೀ, ಇರೂದು ಒಂದ ಗದ್ದಿ. ಅದಕ್ಕ ನಮ್ಮಪ್ಪ ಒಬ್ಬಾಂವ ಸಾಕು.”

ಅವನು ಪಟ್ಟಿ ಬಿಚ್ಚಿ ಪಂಪನ್ನು ಪಕ್ಕಕ್ಕಿಟ್ಟ.

“ಹೊಡಿಯೂದಿಲ್ಲ. ನೀನೂ ಇನ್ನ ಕಾರ್ಡ ತರಬ್ಯಾಡ. ಈ ಸಲ ಬಂದಷ್ಟ ಬರ್ಲಿ. ಮುಂದ ಗೋವಿನಜೋಳಾ ಹಾಕ್ತೇನಿ.”

“ನಿಮ್ಮಪ್ಪ ಕಟ್ಟಿದ ಗದ್ದ್ಯಾಗ ಗೋವಿನಜೋಳಾ?”

“ನೆಲ್ಲ ಹಾಕಿದ್ರ ಉಣ್ಣಾಕ ಮಂದಿ ಉಳೀಬೇಕಲ್ಲ ಅತ್ತೀ.”

ಅವನು ಬದುಕುತ್ತಾನೆಂದು ಆ ದಿನ ನಿಶ್ಚಯವಾಯಿತು. ಅವ್ವನಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಬಸ್ಸಿನಲ್ಲಿ ಅವಳ ಮುಖ ಕಲ್ಲಿನಂತಿತ್ತು. ಕೊಡಲು ಬಂದವಳ ಕೈಯಿಂದ ಕೊಡುವ ವಸ್ತುವನ್ನೇ ಯಾರೋ ಕಿತ್ತುಕೊಂಡಂತಿತ್ತು. ಮನೆ ಮುಟ್ಟಿದವಳೇ ಖೋಲಿಯ ಕಡೆಗೆ ನಡೆದಳು. ಅಪ್ಪ ಬಾಗಿಲಲ್ಲಿ ನಿಂತ. ನನ್ನ ನೆನಪಿನಲ್ಲಿ ಅವರು ದನಿ ಎತ್ತಿ ಜಗಳವಾಡಿದ್ದು ಅದೊಂದೇ ಸಲ.

“ಯಾರ ಸಲುವಾಗಿ ಇನ್ನ?”

“ಮರೋಳದ ಕಡೆ ಕಾಲುವಿ ನೀರ ಬರ್ತೈತಂತ. ಅಲ್ಲೀ ಮಂದಿ ನೆಲ್ಲ ಹಾಕ್ತಾರ. ಅವರಿಗೆ ಕೊಡೂಣು.”

“ಅವರು ಬಂದ ಕೇಳ್ಯಾರೇನು? ಯಾರರ ಒಬ್ಬರು ಕೇಳ್ಯಾರೇನು?”

ಯಾರೂ ಕೇಳಿರಲಿಲ್ಲ. ಅವ್ವ ಚೌಕಟ್ಟಿಗೆ ಹಣೆ ಹಚ್ಚಿ ನಿಂತಳು. ಮರುದಿನ ಭಾನುವಾರ ಅಪ್ಪ, ನಾನು ಬೋಗುಣಿಗಳನ್ನು ಒಂದೊಂದಾಗಿ ಹಿತ್ತಲಿಗೆ ಹೊತ್ತು ಬಿಸಿಲಿಗೆ ಸುರುವಿದೆವು. ಶಾಂತವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಬಂದು ಹೊರಲು ಕೈ ಹಚ್ಚಿದಳು. ಓಣಿಯ ಕೋಳಿಗಳು, ಗುಬ್ಬಿಗಳು ಮುತ್ತಿಕೊಂಡು ಹುಳುಗಳನ್ನು ಆರಿಸಿದವು. ಸಂಜೆಗೆ ನೆಲದ ಮೇಲೆ ನುಚ್ಚಿನ ಬಿಳಿ ಕಲೆಯಷ್ಟೇ ಉಳಿಯಿತು. ಧಾರವಾಡದಿಂದ ಬಂದ ಹೊಸ ಕಾರ್ಡನ್ನು ಅಪ್ಪ ಬಿಚ್ಚದೆ ಯಾರಿಗೋ ಕೊಟ್ಟ. ಹೊಳೆದಂಡೆಯ ಗದ್ದೆಯಲ್ಲಿ ಆ ಸಲ ಬಿಳಿ ತೆನೆಯೇ ಹೆಚ್ಚು. ಅದೇ ಕೊನೆಯ ಭತ್ತ.

ಖೋಲಿ ಬಿಟ್ಟರೆ ಉಸಿರು ಮರಳುತ್ತದೆಂದು ನಂಬಿದ್ದೆವು. ಸ್ವಲ್ಪ ಮರಳಿತು, ಪೂರ್ತಿ ಮರಳಲಿಲ್ಲ. ಅವ್ವ ಬೆಳಕು ಹರಿಯುವಾಗ ಏಳುವುದನ್ನು ಬಿಡಲಿಲ್ಲ. ಎದ್ದು ಪಡಸಾಲೆಯಲ್ಲಿ ಕೂತು, ಮಾಡಲು ಏನೂ ಇಲ್ಲದೆ, ಅಂಗೈಯನ್ನು ಅಂಗೈಯ ಮೇಲೆ ಇಟ್ಟುಕೊಂಡು ಇರುತ್ತಿದ್ದಳು. ಸಂಗಪ್ಪ ಸಂತೆಯ ದಿನ ತಪ್ಪದೆ ಬರುತ್ತಿದ್ದ. ಬಂದವನನ್ನು ಅವಳು ನೀರು ಕೊಡುವ ಮೊದಲೇ ತನ್ನ ಮುಂದೆ ಬೆನ್ನು ಮಾಡಿ ಕೂರಿಸಿಕೊಳ್ಳುತ್ತಿದ್ದಳು. ಅಂಗಿಯ ಮೇಲೆ ಅಂಗೈ ಇಟ್ಟು “ಎಳಕೋ” ಎನ್ನುತ್ತಿದ್ದಳು. ಅವನು ಉಸಿರು ಎಳೆದುಕೊಳ್ಳುತ್ತಿದ್ದ. “ಬಿಡು.” ಬಿಡುತ್ತಿದ್ದ. ಅವನಿಗೆ ಮದುವೆಯಾಯಿತು, ಮಕ್ಕಳಾದವು, ಮೀಸೆಯ ತುದಿ ಬೆಳ್ಳಗಾಗತೊಡಗಿತು. ಆ ರೂಢಿ ನಿಲ್ಲಲಿಲ್ಲ. “ಅತ್ತೀ, ಮಂದಿ ನೋಡ್ತಾರ,” ಎಂದು ನಗುತ್ತಿದ್ದ, ಆದರೆ ಎಳೆದುಕೊಳ್ಳುತ್ತಿದ್ದ.

ಅವ್ವನ ಕೊನೆಯ ಚಳಿಗಾಲದಲ್ಲಿ ಅವನಿಗೆ ಹೇಳಿ ಕಳಿಸಿದೆವು. ಬಂದು ಯಾರನ್ನೂ ಏನೂ ಕೇಳದೆ, ಮಂಚದ ಅಂಚಿನಲ್ಲಿ ಅವಳ ಕಡೆಗೆ ಬೆನ್ನು ಮಾಡಿ ಕುಳಿತ. ಅವಳ ಕೈ ಏಳಲಿಲ್ಲ. ನಾನು ಎತ್ತಿ ಅವನ ಬೆನ್ನ ಮೇಲೆ ಇಟ್ಟು, ಜಾರದಂತೆ ಮಣಿಕಟ್ಟು ಹಿಡಿದುಕೊಂಡೆ. ‘ಎಳಕೋ’ ಎನ್ನಲು ಅವಳಿಗೆ ದನಿಯಿರಲಿಲ್ಲ. ಸಂಗಪ್ಪ ಎಳೆದುಕೊಂಡ, ಬಿಟ್ಟ, ಮತ್ತೆ ಎಳೆದುಕೊಂಡ, ಅಂಗಿಯ ಹೊಲಿಗೆ ಬಿಗಿಯುವಷ್ಟು ಆಳವಾಗಿ. ಅಂಗೈ ತಣ್ಣಗಾದದ್ದು ನನಗೆ ಗೊತ್ತಾಯಿತು. ಅವನಿಗೂ ಗೊತ್ತಾಗಿರಬೇಕು. ಆದರೂ ಅವನು ಉಸಿರು ಎಳೆಯುತ್ತಲೇ ಇದ್ದ; ಅಪ್ಪ ಬಂದು ಅವನ ಹೆಗಲು ಹಿಡಿದು “ಸಾಕೋ ಸಂಗೂ, ಸಾಕು” ಎಂದ ಮೇಲೂ.